ಗಾಳಿಗವಿಯ ಬಾಗಿಲಲ್ಲಿ

ವೈಟ್ ಕ್ಲೇ ಹಳ್ಳದ ದಂಡೆ
ಮಾರ್ಚ್ 3, 2014

ಗಾಳಿಗವಿ ಉದ್ಯಾನದ ರೇಂಜರ್ ರೆನೆಲ್ ಅವರಿಗೆ,

ನಾನು ನಮ್ಮೂರ ಶಾಲೆಯ ಬಸ್ಸು ಓಡಿಸುವವನು. ಮೇ ಒಂಬತ್ತನೇ ತಾರೀಕು ಶುಕ್ರವಾರ ನಾಲ್ಕನೇ ತರಗತಿಯ ಇಪ್ಪತ್ತೆರಡು ಮಕ್ಕಳನ್ನು ಗವಿಯನ್ನೂ ಹುಲ್ಲುಬಯಲಿನ ಪ್ರಾಣಿಗಳನ್ನೂ ತೋರಿಸಲು ನಿಮ್ಮಲ್ಲಿಗೆ ಕರೆತರುವುದೆಂದು ಬರ್ನೀಸ್ ಟೀಚರ್ ನಿಶ್ಚಯಿಸಿದ್ದಾರೆ. ಮಕ್ಕಳಿಗೆ ಪ್ರಾಣಿ ತೋರಿಸಲು ಎರಡು ಗಂಟೆ ಬಸ್ಸು ಓಡಿಸಬೇಕೇ, ನಮ್ಮ ಹಿತ್ತಲಿಗೆ ಕರೆದುಕೊಂಡು ಬನ್ನಿ ಎಂದು ಹೇಳಿ ನೋಡಿದೆ. ಟೀಚರ್ ನಗಲಿಲ್ಲ.

ನನ್ನ ಬಸ್ಸು ಉದ್ದದ್ದು. ಎಲ್ಲಿ ನಿಲ್ಲಿಸಬೇಕು, ಹಿಂದಕ್ಕೆ ತಿರುಗಿಸಲು ಜಾಗವಿದೆಯೇ, ಮಕ್ಕಳು ಊಟ ಎಲ್ಲಿ ಮಾಡಬೇಕು, ಮಳೆ ಬಂದರೆ ಏನು ಗತಿ, ಇಷ್ಟು ತಿಳಿಸಬೇಕು. ಹೋದ ವರ್ಷ ಬೇರೆ ಕಡೆ ಕರೆದುಕೊಂಡು ಹೋದಾಗ ಹಿಂದಿನ ಚಕ್ರ ಹೂವಿನ ಪಾತಿಗೆ ಇಳಿಯಿತು. ಅದರ ಮಾತು ಇನ್ನೂ ಮುಗಿದಿಲ್ಲ.

ಫೋನ್ ಮಾಡಿ ಕೇಳಿದರೆ ಎರಡು ನಿಮಿಷದ ಕೆಲಸ ಎನ್ನುತ್ತಾಳೆ ನಿಮ್ಮಮ್ಮ. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡನೇ ನಿಮಿಷಕ್ಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೂ ಗೊತ್ತು.

ಇದನ್ನು ಅಪ್ಪ ಬರೆದದ್ದೆಂದು ತಿಳಿಯಬೇಡ. ಡ್ರೈವರ್ ಬರೆದದ್ದು. ಅಪ್ಪನಾಗಿ ಬರೆಯಲು ಎರಡು ವರ್ಷದಿಂದ ಕೂತಿದ್ದೇನೆ. ಮೊದಲ ಸಾಲು ಇನ್ನೂ ಸಿಕ್ಕಿಲ್ಲ.

ಇಂತಿ,
ಲೆಲಂಡ್


ಗಾಳಿಗವಿ ಉದ್ಯಾನ
ಮಾರ್ಚ್ 14

ಮಾನ್ಯ ಚಾಲಕರೇ,

ನಿಮ್ಮ ಕಾಗದ ತಲುಪಿತು. ಬಸ್ಸುಗಳಿಗೆ ಕಚೇರಿಯ ಬಲಗಡೆ ಉದ್ದನೆಯ ಜಾಗ ಬಿಟ್ಟಿದ್ದೇವೆ. ತಿರುಗಿಸುವ ಕಷ್ಟವಿಲ್ಲ, ಸುತ್ತು ಹಾಕಿಕೊಂಡು ಹಾಗೇ ಹೊರಗೆ ಹೋಗಬಹುದು. ಸುತ್ತಮುತ್ತ ಹೂವಿನ ಪಾತಿಗಳಿಲ್ಲ.

ಗವಿಯೊಳಗೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಒಂದೇ ಥಂಡಿ. ಮಕ್ಕಳೆಲ್ಲರಿಗೂ ಜಾಕೀಟು ಬೇಕು. ತಿಂಡಿ ಬಸ್ಸಿನಲ್ಲೇ ಇರಲಿ. ಬೈಸನ್‌ಗಳು ಕೆಲವು ಸಲ ಬಸ್ಸು ನಿಲ್ಲಿಸುವ ಕಡೆಗೇ ಬಂದುಬಿಡುತ್ತವೆ. ಹಾಗೆ ಬಂದರೆ ಯಾರೂ ಕೆಳಗಿಳಿಯಕೂಡದು. 'ನಾನು ಅರವತ್ತು ವರ್ಷ ದನ ಕಾಯ್ದವನು' ಎನ್ನುವವರೂ ಇಳಿಯಕೂಡದು. ಮಳೆ ಬಂದರೆ ಚಿಂತೆಯಿಲ್ಲ, ಗವಿ ಸೋರುವುದಿಲ್ಲ.

ಬಸ್ಸಿನ ಚಾಲಕರೂ ಮಕ್ಕಳ ಜೊತೆ ಗವಿಗೆ ಇಳಿಯಬಹುದು. ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಿದ್ದೇನೆ.

ನಾಲ್ಕನೇ ತರಗತಿ ಎಂದರೆ ಅಕ್ಕನ ಮಗಳು ಕಿಮಿಯೂ ಇರುತ್ತಾಳಲ್ಲವೇ? ಅಜ್ಜಿಯನ್ನು ಮಣ್ಣು ಮಾಡಿದ ದಿನ ನೋಡಿದ್ದು. ಆಗ ನನ್ನ ಜಡೆ ಹಿಡಿದುಕೊಂಡೇ ನಿದ್ದೆ ಮಾಡಿದ್ದಳು. ಅವಳಿಗೆ ನನ್ನ ನೆನಪಿದೆಯೇ?

ಇಂತಿ,
ರೆನೆಲ್, ರೇಂಜರ್


ವೈಟ್ ಕ್ಲೇ ಹಳ್ಳ
ಏಪ್ರಿಲ್ 2

ರೆನೆಲ್,

ಕಿಮಿಗೆ ನೆನಪಿದೆ. 'ಚಿಕ್ಕಮ್ಮ ನಮ್ಮೂರಿಗೆ ಯಾಕೆ ಬರಲ್ಲ, ನಾವೇ ಬಸ್ ಮಾಡ್ಕೊಂಡು ಹೋಗ್ಬೇಕಾ?' ಎಂದು ಕೇಳಿದಳು. 'ಅವ್ಳಿಗೆ ಕೆಲಸ' ಎಂದೆ. 'ಎರಡು ವರ್ಷ ಒಂದು ದಿನಾನೂ ರಜ ಇಲ್ವಾ?' ಎಂದಳು. ಅವಳ ಅಮ್ಮ ಪಟ್ಟಣದ ಆಸ್ಪತ್ರೆಯಲ್ಲಿ ಪಾಳಿ ಮಾಡುವವಳು. ರಜದ ಲೆಕ್ಕ ಈ ಹುಡುಗಿಗೆ ಚೆನ್ನಾಗಿ ಗೊತ್ತು.

ಮೂರು ದಿನದಿಂದ ಹಿಮ. ಕರು ಹಾಕುವ ಹೊತ್ತಿಗೇ ಸರಿಯಾಗಿ. ಒಂದು ಕರುವನ್ನು ಅಡುಗೆಮನೆಗೆ ತಂದು ಒಲೆಯ ಪಕ್ಕ ಮಲಗಿಸಿದ್ದೇವೆ. ನಿಮ್ಮಮ್ಮ ಅದಕ್ಕೆ ನನ್ನ ಒಳ್ಳೆ ಅಂಗಿ ಹೊದಿಸಿದ್ದಾಳೆ.

ಬರೆಯಬೇಕಾದ್ದನ್ನು ಈಗಲೇ ಬರೆದುಬಿಡುತ್ತೇನೆ. ಆ ವರ್ಷ ನನ್ನ ಎರಡು ಕಡಸುಗಳು ಪಿಸ್ಪೀಜದ ಬಿಲದಲ್ಲಿ ಕಾಲು ಸಿಕ್ಕಿಸಿಕೊಂಡು ಮುರಿದುಕೊಂಡವು. ಎರಡನ್ನೂ ನಾನೇ ಗುಂಡು ಹೊಡೆದು ಮಲಗಿಸಿದೆ. ಮನೆಯ ಹಿಂದಿನ ಗುಡ್ಡದಲ್ಲಿ ಹುಲ್ಲಿರಲಿಲ್ಲ, ಬರೀ ಬಿಲ, ಪ್ರತಿ ಬಿಲದ ಬಾಯಲ್ಲೂ ಒಂದೊಂದು ಪಿಸ್ಪೀಜ ಎದ್ದು ನಿಂತು ನನಗೇ ಬೈಯುತ್ತಿತ್ತು. ಬಿಳಿಯರು ಅದನ್ನು ಪ್ರೇರಿ ನಾಯಿ ಎನ್ನುತ್ತಾರೆ, ನೋಡಿದರೆ ಹೊಟ್ಟೆ ಬಂದ ಅಳಿಲು. ವಿಷದ ಓಟ್ಸ್ ಹಾಕುವವರು ಬಂದರು, ನಾನು ಕಾಗದಕ್ಕೆ ಸಹಿ ಹಾಕಿದೆ. ನನ್ನ ನೆಲ, ನನ್ನ ದನ. ನಿನ್ನ ಕಾಲೇಜಿನ ಪುಸ್ತಕವನ್ನು ಹಸು ತಿನ್ನುವುದಿಲ್ಲ.

ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಅಂದು ಹೇಳಿದಷ್ಟು ಜೋರಾಗಿ ಅಲ್ಲ.

ಅಪ್ಪ


ಗಾಳಿಗವಿ
ಏಪ್ರಿಲ್ 20

ಅಪ್ಪಾ,

ಇವತ್ತು ಈಸ್ಟರ್. ಸರಿಯಾಗಿ ಎರಡು ವರ್ಷ.

ನೀನು ವಿಷ ಹಾಕಿಸಿದ್ದಕ್ಕೆ ನನಗೆ ಕೋಪ ಬರಲಿಲ್ಲ. ಸುಳ್ಳು. ಕೋಪ ಬಂತು. ಆದರೆ ಅದಕ್ಕೇ ನಾನು ಮನೆ ಬಿಟ್ಟು ಹೊರಟದ್ದಲ್ಲ. ಎರಡು ಬೇಸಿಗೆ ಆ ಗುಡ್ಡದ ಮೇಲೆ ಕೂತು ಅವುಗಳನ್ನು ಎಣಿಸಿದ್ದೆ. ಇನ್ನೂರ ಹದಿನಾಲ್ಕು. ಯಾವುದು ಯಾರ ಮರಿ, ಯಾವ ಮನೆಗೂ ಯಾವ ಮನೆಗೂ ಜಗಳ, ಗಿಡುಗ ಬಂದರೆ ಯಾವುದು ಮೊದಲು ಕೂಗುತ್ತದೆ, ಎಲ್ಲ ಬರೆದಿಟ್ಟಿದ್ದೆ. ಅದು ನಿನಗೆ ಗೊತ್ತಿತ್ತು. ಬೆಳಿಗ್ಗೆ ನೀನೇ ಕಾಫಿ ತಂದು ಕೊಟ್ಟು ಹೋಗುತ್ತಿದ್ದೆಯಲ್ಲ. ಈಸ್ಟರ್ ರಜಕ್ಕೆ ಬಂದು ಗುಡ್ಡ ಹತ್ತಿದರೆ ಒಂದು ಸದ್ದಿಲ್ಲ. ಇಳಿದು ಬಂದು ಕೇಳಿದರೆ ನೀನು ತಟ್ಟೆಯಿಂದ ತಲೆ ಎತ್ತದೆ 'ಹೋದ ವಾರ ಹಾಕಿದ್ರು' ಎಂದೆ. ಒಂದು ಕಾಗದ ಬರೆದು ಮೊದಲೇ ತಿಳಿಸಬಹುದಿತ್ತು. ಈಗ ಬಸ್ಸು ನಿಲ್ಲಿಸಲು ಜಾಗ ಕೇಳಿ ಬರೆದೆಯಲ್ಲ, ಅಷ್ಟು.

ಆಮೇಲೆ ನೀನು ಇನ್ನೊಂದು ಮಾತು ಹೇಳಿದೆ. 'ಅಜ್ಜಿಯ ಮನೆ ಬಾಗಿಲನ್ನ ಪರ ಊರಿನೋರಿಗೆ ತೋರಿಸಿ ಸಂಬಳ ಎಣಿಸ್ಕೊಳ್ಳೋಳು ನೀನು, ನನಗೆ ಬುದ್ಧಿ ಹೇಳ್ತೀಯಾ?' ಎಂದೆ. ಬಿಳಿಯರು ಬರುವ ಮೊದಲಿಂದ ಈ ನೆಲದಲ್ಲಿದ್ದ ನಮ್ಮ ಜನ ಆ ಗವಿಯಿಂದ ಹೊರಗೆ ಬಂದವರು ಎಂದು ನನಗೆ ಹೇಳಿಕೊಟ್ಟವಳು ನಿನ್ನ ಅಮ್ಮ. ಆ ಕಥೆಯನ್ನು ನಮ್ಮವರೊಬ್ಬರು ಅಲ್ಲಿ ನಿಂತು ಹೇಳದಿದ್ದರೆ, ತೂತಿನ ಗಾಳಿಗೆ ಟೋಪಿ ಹಾರಿಸಿಕೊಂಡು ಗವಿಯನ್ನು ಕಂಡುಹಿಡಿದೆನೆಂದ ಬಿಳಿಯನೊಬ್ಬನ ಕಥೆಯಿಂದಲೇ ಎಲ್ಲ ಶುರುವಾಗುತ್ತದೆ. ಅದಕ್ಕೇ ನಾನಿಲ್ಲಿ ಇರುವುದು.

ಮೇ ಒಂಬತ್ತಕ್ಕೆ ಇಲ್ಲಿ ಎಲ್ಲ ಸಿದ್ಧವಾಗಿದೆ. ಕರು ಬದುಕಿತೇ?

ರೆನೆಲ್


ಮೇ 12

ಪ್ರೀತಿಯ ರೇಂಜರ್ ಚಿಕ್ಕಮ್ಮನಿಗೆ,

ಎಲ್ಲರೂ ಒಬ್ಬೊಬ್ಬ ರೇಂಜರ್‌ಗೆ ಥ್ಯಾಂಕ್ಸ್ ಕಾಗದ ಬರೀಬೇಕು, ಏನು ಕಲಿತಿರಿ ಅಂತಾನೂ ಬರೀಬೇಕು ಅಂತ ಬರ್ನೀಸ್ ಟೀಚರ್ ಹೇಳಿದ್ದಾರೆ. ನಾನು ನಿನ್ನನ್ನು ಆರಿಸಿಕೊಂಡೆ. ಹದಿನೇಳು ಜನ ನಿನ್ನನ್ನೇ ಆರಿಸಿಕೊಂಡಿದ್ದಾರೆ. ಆದರೆ ನೀನು ನನ್ನ ಚಿಕ್ಕಮ್ಮ ಅಂತ ನಾನು ಎಲ್ಲರಿಗೂ ಹೇಳಿದ್ದೇನೆ.

ನಾನು ಕಲಿತದ್ದು: ಗವಿ ಉಸಿರಾಡುತ್ತೆ. ಹೊರಗೆ ಗಾಳಿಯ ಭಾರ ಜಾಸ್ತಿ ಆದರೆ ಒಳಗೆ ಎಳೆದುಕೊಳ್ಳುತ್ತೆ, ಕಡಿಮೆ ಆದರೆ ಹೊರಗೆ ಬಿಡುತ್ತೆ. ನೀನು ತೂತಿನ ಮುಂದೆ ರಿಬ್ಬನ್ ಹಿಡಿದಾಗ ಅದು ಒಳಗೆ ಹೋಯಿತು. ನನ್ನ ಕೈಯನ್ನೂ ಎಳೆದ ಹಾಗೆ ಆಯಿತು. ಒಳಗೆ ಛಾವಣಿಯಲ್ಲಿ ಕಲ್ಲಿನ ಜೇನುಗೂಡು ಇದೆ. ಮುಟ್ಟಬಾರದು. ಥಾಮಸ್ ಮುಟ್ಟಿದ, ಆದರೆ ಅದು ಗೋಡೆ, ಜೇನುಗೂಡಲ್ಲ.

ನಾವೆಲ್ಲ ಮೊದಲು ಒಳಗೇ ಇದ್ದೆವು, ಸ್ವಲ್ಪ ಜನ ಮಾಂಸದ ಆಸೆಗೆ ಹೇಳುವುದಕ್ಕೆ ಮುಂಚೆನೇ ಹೊರಗೆ ಬಂದುಬಿಟ್ಟರು, ಅವರು ಬೈಸನ್ ಆದರು, ಕರೆದ ಮೇಲೆ ಬಂದವರು ನಾವಾದೆವು ಅಂತ ನೀನು ಹೇಳಿದೆ. ನನಗೆ ಆ ಕಥೆ ಮೊದಲೇ ಗೊತ್ತಿತ್ತು. ಆದರೂ ಅಲ್ಲೇ ನಿಂತು ಕೇಳಿದರೆ ಬೇರೆ ಥರ.

ನೀನು ದೀಪ ಆರಿಸಿದಾಗ ನನ್ನ ಕೈ ನನಗೇ ಕಾಣಲಿಲ್ಲ. ಯಾರೋ ಕಿರುಚಿದರು. ಅದು ಬರ್ನೀಸ್ ಟೀಚರ್. ಯಾರಿಗೂ ಹೇಳಬೇಡಿ ಅಂದರು, ಆದ್ದರಿಂದ ನಾನು ಕಾಗದದಲ್ಲಿ ಮಾತ್ರ ಬರೆದಿದ್ದೇನೆ.

ನಾವು ಮೇಲೆ ಬಂದಾಗ ಬಸ್ಸಿನ ಪಕ್ಕದಲ್ಲಿ ಬೈಸನ್ ನಿಂತಿತ್ತಲ್ಲ! ತಾತ ಒಳಗೇ ಸಿಕ್ಕಿಹಾಕಿಕೊಂಡಿದ್ದರು. ಬೈಸನ್ ಬಸ್ಸಿಗೆ ಬೆನ್ನು ಉಜ್ಜಿದಾಗ ಇಡೀ ಬಸ್ಸು ಅಲ್ಲಾಡುತ್ತಿತ್ತು, ತಾತ ಸ್ಟೀರಿಂಗ್ ಹಿಡಿದುಕೊಂಡು ಓಡಿಸುತ್ತಿರುವವರ ಹಾಗೆ ಕೂತಿದ್ದರು. ನೀನು ನಗಬಾರದು ಅಂತ ಟೋಪಿ ಮುಖಕ್ಕೆ ಅಡ್ಡ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ತಾತ ನಮ್ಮ ಜೊತೆ ಗವಿಯ ಬಾಗಿಲ ತನಕ ಬಂದಿದ್ದರು. ಆಮೇಲೆ 'ನೀವು ನಡೀರಿ, ಬೂಟಿನ ಲೇಸು ಕಟ್ಕೊಂಡು ಬರ್ತೀನಿ' ಅಂತ ಕಲ್ಲಿನ ಮೇಲೆ ಕೂತರು. ತಾತನ ಬೂಟಿಗೆ ಲೇಸೇ ಇಲ್ಲ.

ನಿನ್ನ ಟೋಪಿ ಚೆನ್ನಾಗಿದೆ.

ಕಿಮಿ
ನಾಲ್ಕನೇ ತರಗತಿ


ವೈಟ್ ಕ್ಲೇ ಹಳ್ಳ
ಮೇ 25

ರೆನೆಲ್,

ಕರು ಬದುಕಿದೆ. ಈಗ ಅಡುಗೆಮನೆ ತನ್ನದೇ ಎಂದುಕೊಂಡಿದೆ.

ಅಂದು ನಾವಿಬ್ಬರೂ ದನದ ವ್ಯಾಪಾರಿಗಳ ಹಾಗೆ ಕೈ ಕುಲುಕಿದೆವು. ಅಷ್ಟೇ ಆಯಿತು. ನಾನು ದಾರಿಯುದ್ದಕ್ಕೂ ಬೇರೆ ಏನೇನೋ ಯೋಚಿಸಿಕೊಂಡು ಬಂದಿದ್ದೆ. ನೀನು ಆ ಟೋಪಿ ಹಾಕಿಕೊಂಡು ಮಕ್ಕಳ ಮುಂದೆ ನಿಂತದ್ದು ನೋಡಿ ಎಲ್ಲ ಮರೆತುಹೋಯಿತು. ಮಕ್ಕಳು ನನ್ನ ಬಸ್ಸಿನಲ್ಲಿ ಒಂದು ದಿನವೂ ಹಾಗೆ ಬಾಯಿ ಮುಚ್ಚಿಕೊಂಡು ಕೂತದ್ದಿಲ್ಲ.

ಆ ಕೋಣದಿಂದಾಗಿ ಎರಡು ಗಂಟೆ ಬಸ್ಸಿನಲ್ಲಿ ಕೂತೆ. ಅದು ನನ್ನ ಬಲಗಡೆಯ ಕನ್ನಡಿ ಸೊಟ್ಟ ಮಾಡಿತು. ಶಾಲೆಗೆ ಏನೆಂದು ಬರೆದುಕೊಡಲಿ ಎಂದು ಯೋಚಿಸಿ, ನೆಂಟರು ಬಂದಿದ್ದರು ಎಂದು ಬರೆದೆ. ಬರ್ನೀಸ್ ಟೀಚರ್ ಈ ಸಲ ನಕ್ಕರು.

ರಸ್ತೆಯ ಆಚೆ ಪಿಸ್ಪೀಜಗಳ ಊರು. ಬೇರೆ ನೋಡಲು ಏನೂ ಇರಲಿಲ್ಲ, ಅವನ್ನೇ ನೋಡಿದೆ. ಒಂದು ಮುದಿ ಪಿಸ್ಪೀಜ ಬಿಲದ ದಿಬ್ಬವನ್ನು ಮೂಗಿನಲ್ಲಿ ಒತ್ತಿ ಒತ್ತಿ ಸರಿಮಾಡುತ್ತಿತ್ತು. ಮರಿಗಳು ಬಂದು ತುಳಿದು ಹಾಳುಮಾಡುವುದು, ಅದು ಮತ್ತೆ ಮೊದಲಿಂದ ಒತ್ತುವುದು. ಹೀಗೇ ಆರು ಸಲ. ಎರಡು ಎದುರಾದರೆ ಬಾಯಿಗೆ ಬಾಯಿ ತಾಗಿಸಿ ನೋಡಿಕೊಳ್ಳುತ್ತವೆ, ನಮ್ಮವನೋ ಅಲ್ಲವೋ ಎಂದು. ಒಂದು ಹಿಂದಕ್ಕೆ ಬೀಳುವಷ್ಟು ಎಗರಿ ಕೂಗಿತು, ಊರಿಗೆ ಊರೇ ಎಗರಿ ಕೂಗಿತು. ಅರವತ್ತು ವರ್ಷದಿಂದ ಇವನ್ನು ನೋಡುತ್ತಿದ್ದೇನೆ. ಆದರೆ ಯಾವಾಗಲೂ ಬಂದೂಕಿನ ಹಿಂದಿನಿಂದ ನೋಡಿದ್ದು. ಕೈಯಲ್ಲಿ ಏನೂ ಇಲ್ಲದೆ ನೋಡಿದ್ದು ಅದೇ ಮೊದಲು.

ಅವು ನನ್ನ ಹುಲ್ಲು ತಿನ್ನುವುದಂತೂ ನಿಜ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಒಳಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಲಿಲ್ಲ, ಆದರೆ ಕೇಳುತ್ತೀಯ. ಹೊರಗೆ ಬಂದ ಜನ ಮತ್ತೆ ಒಳಗೆ ಹೋಗಬಾರದು. ನಮ್ಮಮ್ಮ ಹಾಗೆಯೇ ಹೇಳುತ್ತಿದ್ದಳು. ಅವಳ ಮಾತು ಮೀರಲಾರೆ.

ಅಪ್ಪ


ಗಾಳಿಗವಿ
ಜೂನ್ 10

ಅಪ್ಪಾ,

ಇದನ್ನು ಹೇಳುವುದಿಲ್ಲವೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ನೀನು ಅವಳ ಹೆಸರನ್ನೇ ಮುಂದೆ ಹಿಡಿದದ್ದರಿಂದ ಹೇಳಬೇಕಾಗಿದೆ.

ಅಜ್ಜಿ ಇಲ್ಲಿಗೆ ಬಂದಿದ್ದಳು. ಅವಳು ತೀರಿಕೊಂಡ ವರ್ಷದ ಆಗಸ್ಟ್‌ನಲ್ಲಿ, ನಮ್ಮ ಜಗಳಕ್ಕೆ ಮುಂಚೆ. ಕಣ್ಣಿನ ಡಾಕ್ಟರನ್ನು ನೋಡಬೇಕೆಂದು ನಿನಗೆ ಹೇಳಿ ಪಕ್ಕದ ಮನೆಯ ವರ್ಡೆಲ್ ಜೊತೆ ಹಾಟ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೋದಳಲ್ಲ, ಅಂದು. ಡಾಕ್ಟರ ಬಳಿ ಹೋಗಲೇ ಇಲ್ಲ. ಕೈಯಲ್ಲಿ ಒಂದು ಡಬ್ಬಿ ಹಿಡಿದುಕೊಂಡು ಕಚೇರಿಯ ಬಾಗಿಲಲ್ಲಿ ನಿಂತು, 'ನನ್ನ ಮೊಮ್ಮಗಳು ಇಲ್ಲಿ ದೊಡ್ಡ ಸಾಹೇಬಳಂತೆ, ಕರೀರಿ' ಎಂದಳು. ಡಬ್ಬಿಯಲ್ಲಿ ಚೋಕ್‌ಚೆರಿ ಹಣ್ಣಿನ ಪಾಯಸ. ನನಗಿಂತ ಮೊದಲು ಅದನ್ನು ನನ್ನ ಮೇಲಧಿಕಾರಿ ತಿಂದರು.

ಗವಿಯ ಹಳೆಯ ಬಾಯಿಯ ಹತ್ತಿರ ಕರೆದುಕೊಂಡು ಹೋದೆ. ನಿನಗೆ ನೆನಪಿರಬಹುದು, ಒಂದು ತಟ್ಟೆಯಷ್ಟಗಲದ ತೂತು. ಅಂದು ಗಾಳಿ ಹೊರಕ್ಕೆ ಬೀಸುತ್ತಿತ್ತು. ಅಜ್ಜಿ ಬಗ್ಗಿ ಮುಖ ಒಡ್ಡಿದಳು. ಅವಳ ತಲೆವಸ್ತ್ರ ಹಿಂದಕ್ಕೆ ಹಾರಿತು. ತುಂಬ ಹೊತ್ತು ಹಾಗೇ ಇದ್ದಳು. ನಾನು ಅಳುತ್ತಾಳೇನೋ ಎಂದುಕೊಂಡೆ. ತಲೆ ಎತ್ತಿ, 'ಇಷ್ಟು ಸಣ್ಣ ತೂತಿಂದ ನಿಮ್ಮಪ್ಪನಂಥೋನು ಹೆಂಗೆ ಬಂದ್ನೇ?' ಎಂದಳು. ಇಬ್ಬರೂ ನಕ್ಕು ನಕ್ಕು ಅಲ್ಲೇ ಕೂತೆವು.

ಆಮೇಲೆ ಒಳಗೆ ಹೋಗಬೇಕು ಎಂದಳು. ಹೋಗಬಾರದು ಎನ್ನುತ್ತಿದ್ದೆಯಲ್ಲ ಎಂದರೆ, 'ಹೇಳ್ತಿದ್ದೆ ಕಣೆ, ಮಕ್ಕಳು ಕಂಡ ಕಂಡ ತೂತಿಗೆ ನುಗ್ಗಬಾರ್ದು ಅಂತ ಹೇಳ್ತಿದ್ದೆ. ತವರುಮನೆ ಬಿಟ್ಟು ಬಂದೋಳು ಒಂದ್ಸಲ ಹೋಗಿ ನೋಡ್ಕೊಂಡು ಬಂದ್ರೆ ಯಾರು ಬೈತಾರೆ?' ಎಂದಳು. ಲಿಫ್ಟಿನಲ್ಲಿ ಇಳಿಸಿದೆ. ಕೆಳಗೆ ಒಂದು ಬೆಂಚಿನ ಮೇಲೆ ಕೂತು ನಮ್ಮ ಮಾತಿನಲ್ಲಿ ಏನೋ ಮೆಲ್ಲಗೆ ಹೇಳಿಕೊಂಡಳು. ನನಗೆ ಅರ್ಧ ಅರ್ಥವಾಯಿತು. ನೀನು ನನಗೂ ಅಕ್ಕನಿಗೂ ಮನೆಯಲ್ಲಿ ನಮ್ಮ ಮಾತು ಕಲಿಸಲಿಲ್ಲ. ಬರುವ ಅರ್ಧವೂ ಅವಳಿಂದಲೇ ಬಂದದ್ದು.

ಹೊರಡುವಾಗ ಕಾರಿನ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತೋಳು ಹಿಡಿದುಕೊಂಡಳು. 'ಲೆಲಂಡ್‌ಗೆ ಹೇಳ್ಬೇಡ. ಅವನು ಇಲ್ಲಿಗೆ ಇಳಿಯೋನಲ್ಲ. ಪಾಪ' ಎಂದಳು.

ಯಾಕೆ ಪಾಪ ಎಂದಳು, ಅಪ್ಪಾ?

ರೆನೆಲ್


ಗಾಳಿಗವಿ
ಆಗಸ್ಟ್ 20

ಅಪ್ಪಾ,

ಎರಡು ತಿಂಗಳಾಯಿತು. ಕೇಳಬಾರದ್ದನ್ನು ಕೇಳಿದ್ದರೆ ಬಿಟ್ಟುಬಿಡು. ಉತ್ತರ ಬೇಡ. ಹುಲ್ಲು ಕೊಯ್ದದ್ದು ಮುಗಿಯಿತೇ, ನಿನ್ನ ಮಂಡಿ ಹೇಗಿದೆ, ಕಿಮಿಯ ಹೊಸ ಟೀಚರ್ ಯಾರು, ಇಷ್ಟು ಬರೆದರೂ ಸಾಕು.

ರೆನೆಲ್


ವೈಟ್ ಕ್ಲೇ ಹಳ್ಳ
ಸೆಪ್ಟೆಂಬರ್ 8

ರೆನೆಲ್,

ಹುಲ್ಲು ಮುಗಿಯಿತು. ಮಂಡಿ ಹಾಗೇ ಇದೆ. ಹೊಸ ಟೀಚರ್ ಹೆಸರು ನಾಲಿಗೆಗೆ ಬರುವುದಿಲ್ಲ, ಒಳ್ಳೆಯವಳು, ದಿನವೂ ಬಸ್ಸಿಗೆ ತಡ.

ಓಟ್ಸ್ ಹಾಕುವವರು ಮತ್ತೆ ಬಂದಿದ್ದರು. ಗುಡ್ಡ ಮತ್ತೆ ತುಂಬಿಕೊಂಡಿದೆ, ಆಚೆ ಹೊಲದಿಂದ ಬಂದು ಸೇರಿಕೊಂಡಿವೆ. ಪಡುವಣದ ಕಡೆ, ಕರು ಹಾಕಿಸುವ ಬಯಲಿಗೆ ಮಾತ್ರ ಸಹಿ ಹಾಕಿದೆ. ಮನೆಯ ಹಿಂದಿನ ಗುಡ್ಡ ಬಿಟ್ಟುಬಿಡಿ ಎಂದೆ. ಬಂದವನು ನನ್ನ ಮುಖವನ್ನೇ ನೋಡಿದ. 'ಏನಣ್ಣ, ವಯಸ್ಸಾಯ್ತಾ?' ಎಂದ. ಹೌದು, ಅದೇ ಎಂದೆ. ಈ ಸಲ ಮೊದಲೇ ತಿಳಿಸುತ್ತಿದ್ದೇನೆ, ಪಡುವಣದ ಬಯಲಿಗೆ ಅಕ್ಟೋಬರಿನಲ್ಲಿ ಹಾಕುತ್ತಾರೆ. ನಿನಗೆ ಬೇಸರವಾಗುತ್ತದೆ. ಆಗಲಿ. ಗುಡ್ಡ ಬಿಟ್ಟದ್ದು ನಿನಗೋಸ್ಕರ ಎಂದೂ ತಿಳಿಯಬೇಡ. ಅಲ್ಲೊಂದು ಖಾಲಿ ಬಿಲದಲ್ಲಿ ಗೂಬೆ ಸಂಸಾರ ಹೂಡಿತ್ತು, ಐದು ಮರಿ. ಕಿಮಿ ಐದಕ್ಕೂ ಹೆಸರಿಟ್ಟಿದ್ದಳು. ಹೆಸರಿಟ್ಟ ಮೇಲೆ ಕಷ್ಟ.

ನಿನ್ನ ಜೂನ್ ತಿಂಗಳ ಕಾಗದವನ್ನು ಟ್ರಕ್ಕಿನಲ್ಲೇ ಇಟ್ಟುಕೊಂಡು ಓಡಾಡಿದೆ. ಮಡಿಕೆ ಹರಿದಿದೆ. ಅಮ್ಮ ಹೋಗಿ ಬಂದದ್ದು ಕೇಳಿ ಮೊದಲು ಕೋಪ ಬಂತು. ಆಮೇಲೆ ಆ ತೂತಿನ ಮಾತು ನೆನೆಸಿಕೊಂಡು ಟ್ರ್ಯಾಕ್ಟರಿನ ಮೇಲೆ ಒಬ್ಬನೇ ನಕ್ಕೆ. ಅದು ಅವಳದೇ ಮಾತು, ನೀನು ಕಟ್ಟಿ ಹೇಳಲಾರೆ.

ನೀನು ಕೇಳಿದ್ದಕ್ಕೆ ಉತ್ತರ ಇದೆ. ಕಾಗದದಲ್ಲಿ ಬರೆಯಲು ನಾಲ್ಕು ಸಲ ಕೂತೆ. ಅದು ಬರೆಯುವಂಥದ್ದಲ್ಲ. ಪ್ರವಾಸಿಗಳು ಕಡಿಮೆಯಾದ ಮೇಲೆ ಒಂದು ದಿನ ಬರುತ್ತೇನೆ. ನೀನು ಗವಿಯ ಬಾಗಿಲಲ್ಲಿ ನಿಂತಿರು. ಬಾ ಎನ್ನಬೇಡ. ಕೈ ಹಿಡಿಯಬೇಡ. ಸುಮ್ಮನೆ ನಿಂತಿರು.

ಅಪ್ಪ


ಗಾಳಿಗವಿ
ಅಕ್ಟೋಬರ್ 1

ಅಮ್ಮಾ,

ಅಪ್ಪ ನಿನಗೆ ಹೇಳುವುದಿಲ್ಲ. 'ನಿಮ್ಮಮ್ಮನಿಗೆ ನೀನೇ ಬರೆದು ತಿಳಿಸು, ನನ್ನ ಕೈಲಾಗಲ್ಲ' ಎಂದು ಹೋಗುವಾಗ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನಿನ್ನೆ ಮಧ್ಯಾಹ್ನ ಬಂದ. ಒಗೆದ ಅಂಗಿ, ಒಳ್ಳೆ ಹ್ಯಾಟು, ಮದುವೆಗೆ ಹೊರಟವನ ಹಾಗೆ. ಕೊನೆಯ ಗುಂಪು ಮೇಲೆ ಬಂದ ಮೇಲೆ ನಾವಿಬ್ಬರೇ ಇಳಿಯಲು ಮೇಲಧಿಕಾರಿಯ ಅನುಮತಿ ಕೇಳಿಟ್ಟಿದ್ದೆ. ಅವನು ಹೇಳಿದ ಹಾಗೇ ಬಾಗಿಲಲ್ಲಿ ಸುಮ್ಮನೆ ನಿಂತೆ. ಅವನು ಹತ್ತು ಹೆಜ್ಜೆ ಆಚೆ ನಿಂತು ಆಕಾಶ ನೋಡಿದ, ಗುಡ್ಡ ನೋಡಿದ, ಕೈಗಡಿಯಾರ ನೋಡಿದ.

'ಎಷ್ಟು ಮೆಟ್ಟಿಲು?'

'ಮುನ್ನೂರು.'

'ಸ್ವಲ್ಪ ಕಡಿಮೆ ಮಾಡೋಕಾಗಲ್ವಾ?'

'ಸರ್ಕಾರಿ ಮೆಟ್ಟಿಲು ಅಪ್ಪ, ಚೌಕಾಸಿ ಇಲ್ಲ.'

ನಗಲಿಲ್ಲ. ಹ್ಯಾಟು ತೆಗೆದು ನನ್ನ ಕೈಗೆ ಕೊಟ್ಟು, ನನಗಿಂತ ಮುಂದೆ ಒಳಗೆ ಹೋದ.

ಕಂಬಿ ಹಿಡಿದುಕೊಂಡು ಇಳಿದ. ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಊರಿ. ಮೊದಲ ತಿರುವಿನಲ್ಲಿ ನಿಂತುಬಿಟ್ಟ. ಉಸಿರು ಜೋರಾಗಿ ಕೇಳುತ್ತಿತ್ತು. ಮೇಲೆ ಹೋಗೋಣ ಎನ್ನಬೇಕೆಂದು ನನ್ನ ನಾಲಿಗೆಯ ತುದಿಯ ತನಕ ಬಂತು. ಸುಮ್ಮನಿರಲು ಹೇಳಿದ್ದನಲ್ಲ, ಸುಮ್ಮನಿದ್ದೆ. ತುಂಬ ಹೊತ್ತಿನ ಮೇಲೆ ಮತ್ತೆ ಇಳಿಯತೊಡಗಿದ. ಕೆಳಗಿನ ಕೋಣೆಯಲ್ಲಿ, ಅಜ್ಜಿ ಕೂತ ಬೆಂಚಿನ ಮೇಲೇ ಕೂತೆವು. ಅದು ಅವಳು ಕೂತ ಬೆಂಚು ಎಂದೆ. ಮರವನ್ನು ಕೈಯಿಂದ ಒಂದು ಸಲ ಸವರಿದ.

'ಮಕ್ಕಳಿಗೆ ದೀಪ ಆರಿಸಿ ತೋರಿಸ್ತೀಯಂತೆ' ಎಂದ.

'ಹೂಂ. ಬೇಡ ಅಪ್ಪ.'

'ಆರಿಸು.'

ಆರಿಸಿದೆ. ಇಲ್ಲಿಯ ಕತ್ತಲೆ ಹೊರಗಿನ ಕತ್ತಲೆಯ ಹಾಗಲ್ಲ, ಅಮ್ಮಾ. ಕಣ್ಣು ಎಷ್ಟು ಹೊತ್ತಾದರೂ ಅದಕ್ಕೆ ಒಗ್ಗುವುದಿಲ್ಲ. ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು, ಅಷ್ಟೇ. ಆಗ ಹೇಳಿದ.

'ನನಗೆ ಏಳು ವರ್ಷ. ಹಾಸ್ಟೆಲ್ ಶಾಲೆಗೆ ಹಾಕಿದ್ರಲ್ಲ, ಆ ವರ್ಷ. ಊಟದ ಸಾಲಲ್ಲಿ ನಿಂತಿದ್ದೆ. ಮುಂದಿದ್ದೋನ ಹತ್ರ, ಇನ್ನೊಂದು ರೊಟ್ಟಿ ಇಸ್ಕೊಡೋ ಅಂತ ನಮ್ಮ ಮಾತಲ್ಲಿ ಕೇಳ್ದೆ. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಂಗಿರ್ಲಿಲ್ಲ. ಅಷ್ಟೇ ನಾನು ಮಾಡಿದ್ದು. ಮೇಷ್ಟ್ರು ಕುತ್ತಿಗೆ ಹಿಡಿದು ಎಳ್ಕೊಂಡು ಹೋದ. ಆಲೂಗಡ್ಡೆ ತುಂಬಿಡೋ ನೆಲಮಾಳಿಗೆ ಇತ್ತು. ಅಲ್ಲಿ ಹಾಕಿ ಮೇಲಿಂದ ಬಾಗಿಲು ಹಾಕಿದ.'

'ಎಷ್ಟು ಹೊತ್ತು?'

'ಎಷ್ಟು ಹೊತ್ತು ಅಂತ ಗೊತ್ತಾಗೋಕೂ ಬೆಳಕು ಬೇಕಲ್ಲ.'

ಅವನೇ ಮುಂದುವರಿಸಿದ.

'ಗೋಡೆಯಾಚೆ ಎಲ್ಲೋ ಒಂದು ಹಕ್ಕಿ. ಎದೆ ಹಳದಿ ಇರುತ್ತಲ್ಲ, ಹುಲ್ಲಲ್ಲಿ ಗೂಡು ಕಟ್ಟುತ್ತಲ್ಲ, ಅದು. ಅದು ನಮ್ಮ ಮಾತೇ ಆಡೋದು ಅಂತ ಅಮ್ಮ ಹೇಳಿದ್ಲಲ್ಲ. ನಿಂಗೂ ಹೇಳಿದಾಳೆ. ಅದು ಕೂಗ್ತಾನೇ ಇತ್ತು, ಕೂಗ್ತಾನೇ ಇತ್ತು. ಸುಮ್ನಿರೋ, ನಿನ್ನೂ ಹಿಡ್ಕೊಂಡು ಬಂದು ಇಲ್ಲಿ ಹಾಕ್ತಾರೆ ಅಂತ ನಾನು ಒಳಗಿಂದ ಹೇಳ್ತಿದ್ದೆ.'

'ಯಾವ ಮಾತಲ್ಲಿ?'

'ನಮ್ಮ ಮಾತಲ್ಲೇ. ಆಗ ನಂಗೆ ಬೇರೆ ಎಲ್ಲಿ ಬರ್ತಿತ್ತು?' ಎಂದ. ಮತ್ತೆ, 'ನಿಮ್ಮಿಬ್ಬರಿಗೂ ಕಲಿಸ್ಲಿಲ್ಲ ಅಂತ ಬರೆದಿದ್ದೆ. ಕಲಿಸ್ದೆ ಇದ್ರೆ ನಿಮ್ಮನ್ನ ಯಾರೂ ಎಲ್ಲಿಗೂ ಎಳ್ಕೊಂಡು ಹೋಗಲ್ಲ ಅಂದ್ಕೊಂಡಿದ್ದೆ' ಎಂದ.

ಆಮೇಲೆ ಅವನು ಮಾತಾಡಿದ್ದೆಲ್ಲ ನಮ್ಮ ಮಾತಿನಲ್ಲೇ. ನನ್ನ ಜೊತೆ ಮೊದಲ ಸಲ. ಮೊದಲು ತಡವರಿಸಿಕೊಂಡು, ಆಮೇಲೆ ಹಳ್ಳ ಹರಿದ ಹಾಗೆ. ಅರ್ಧ ನನಗೆ ಅರ್ಥವಾಗಲಿಲ್ಲ. ತಡೆದು ಕೇಳಲಿಲ್ಲ. ಅಜ್ಜಿಯ ಹೆಸರು ಬಂತು, ಕುದುರೆಯೊಂದರ ಹೆಸರು ಬಂತು, ಕಿಮಿಯ ಹೆಸರೂ ಬಂತು. ಒಮ್ಮೆ ನಕ್ಕ. ಯಾಕೆ ಎಂದು ಗೊತ್ತಾಗದಿದ್ದರೂ ನಾನೂ ನಕ್ಕೆ. ದೀಪ ಹಾಕು ಎಂದು ಅವನು ಹೇಳುವ ತನಕ ಹಾಕಲಿಲ್ಲ. ಹಾಕಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದೆವು.

ಲಿಫ್ಟಿನಲ್ಲಿ ಮೇಲೆ ಬಂದೆವು. ಹೊರಗೆ ಇನ್ನೂ ಬಿಸಿಲಿತ್ತು. ನೀನು ಕಟ್ಟಿಕೊಟ್ಟಿದ್ದ ರೊಟ್ಟಿಯನ್ನು ಟ್ರಕ್ಕಿನ ಹಿಂದೆ ಕೂತು ತಿಂದೆವು. ಐದು ಕಟ್ಟಿದ್ದೆ, ನಾಲ್ಕು ಅವನೇ ತಿಂದ.

ಅಮ್ಮಾ, ನಿನಗೆ ಇದು ಗೊತ್ತಿತ್ತೇ?

ರೆನೆಲ್


ವೈಟ್ ಕ್ಲೇ ಹಳ್ಳ
ಅಕ್ಟೋಬರ್ 9

ಮಗಳೇ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಮ್ಮಪ್ಪನ ಎದುರಿಗೇ ಓದಿದೆ. ಅವರು ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಚಮಚ ತಿರುಗಿಸುತ್ತ ಕೂತಿದ್ದರು. ಓದಿ ಮುಗಿಸಿದ ಮೇಲೆ 'ಐದು ರೊಟ್ಟೀಲಿ ನಾಲ್ಕು ಅಂತ ಬರ್ದಿದಾಳೆ, ಸುಳ್ಳು. ಮೂರೂವರೆ' ಎಂದರು.

ಗೊತ್ತಿತ್ತೇ ಎಂದು ಕೇಳಿದ್ದೀಯ. ಗೊತ್ತಿರಲಿಲ್ಲ. ನಮ್ಮತ್ತೆಗೆ ಗೊತ್ತಿದ್ದಿರಬೇಕು. ಆಕೆ ನನಗೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷ ಜೊತೆಗಿದ್ದವಳಿಗೆ ಗೊತ್ತಿಲ್ಲದ್ದನ್ನು ನೀನು ಕಾಗದದಲ್ಲಿ ತಿಳಿಸಬೇಕಾಯಿತಲ್ಲ ಎಂದು ಒಂದು ದಿನ ನಿನ್ನ ಮೇಲೂ ಅವರ ಮೇಲೂ ಮುನಿಸಿಕೊಂಡಿದ್ದೆ. ಈಗ ಇಲ್ಲ.

ಬೆಳಿಗ್ಗೆ ಕಿಮಿಯನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ದಾರಿಯಲ್ಲಿ ಕಂಡದ್ದಕ್ಕೆಲ್ಲ ನಮ್ಮ ಮಾತಿನ ಹೆಸರು ಹೇಳಿಸುತ್ತಿದ್ದಾರಂತೆ. ಉಳಿದ ಮಕ್ಕಳೂ ಹಿಂದಿನಿಂದ ಕೂಗುತ್ತಾರಂತೆ. ತಪ್ಪು ಹೇಳಿದವರು ಇಳಿಯುವಾಗ ಅವರ ಕೈ ಕುಲುಕಬೇಕು, ಸರಿ ಹೇಳಿದವರೂ ಕುಲುಕಬೇಕು. ಇದೇನು ಶಿಕ್ಷೆ ಎಂದು ಕೇಳಿದರೆ 'ಶಿಕ್ಷೆ ಇಲ್ಲದ್ದೇ ನಮ್ಮ ಬಸ್ಸು' ಎನ್ನುತ್ತಾರೆ.

ಭಾನುವಾರ ಬಂದುಬಿಡು. ಒಣಮಾಂಸದ ಸಾರು ಮಾಡುತ್ತೇನೆ. ಪಡುವಣದ ಬಯಲಿನ ಕಡೆ ಹೋಗಬೇಡ, ಗುಡ್ಡಕ್ಕೆ ಹೋಗು. ಅವರೂ ಜೊತೆಗೆ ಬರುತ್ತಾರೆ, ಬೇಡ ಎನ್ನಬೇಡ.

ಇನ್ನೊಂದು ಮಾತು. ಮದುವೆಯಾದ ದಿನದಿಂದ ನಮ್ಮ ಕೋಣೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಹೊಸದರಲ್ಲಿ ಒಂದು ಸಲ ಯಾಕೆ ಎಂದು ಕೇಳಿದ್ದೆ. ಎದ್ದು ಓಡಾಡಿದರೆ ಕಾಲು ಎಡವುತ್ತದೆ ಎಂದಿದ್ದರು. ನಾನು ನಂಬಿ, ಮುಖದ ಮೇಲೆ ಬಟ್ಟೆ ಹಾಕಿಕೊಂಡು ಮಲಗುವುದನ್ನು ಕಲಿತೆ. ಮೊನ್ನೆ ನಿನ್ನ ಕಾಗದ ಓದಿದ ದಿನ, ಆರಿಸಲೇ ಎಂದು ಅವರೇ ನನ್ನನ್ನು ಕೇಳಿದರು. ಬೇಡ, ಇರಲಿ ಎಂದೆ. ನನಗೂ ಅಭ್ಯಾಸವಾಗಿದೆ.

ನಿನ್ನ ಅಮ್ಮ,
ಡೆಲ್ಫೀನ್